ಒಂದು ಹಿಡಿ ಹಿಟ್ಟಿನ ಒಗಟು

ನಿಮ್ಮ ಮನೆಯಲ್ಲಿ ಅಜ್ಜನೋ ಅಜ್ಜಿಯೋ ಇದ್ದರೆ ಈ ಮಾತನ್ನು ನೀವು ಕೇಳಿಯೇ ಇರುತ್ತೀರಿ: “ನಮ್ಮ ಕಾಲದಲ್ಲಿ ಹೊತ್ತಿಗೆ ಮೂರು ಮುದ್ದೆ ಉಣ್ಣುತ್ತಿದ್ದೆವು. ಈಗಿನವರು ಒಂದಕ್ಕೇ ಕೈ ತೊಳೆದುಬಿಡುತ್ತಾರೆ.” ಬಿಜಾಪುರ, ಧಾರವಾಡದ ಕಡೆಯ ಹಿರಿಯರಾದರೆ ಮುದ್ದೆಯ ಬದಲು ಜೋಳದ ರೊಟ್ಟಿಯ ಲೆಕ್ಕ ಹೇಳುತ್ತಾರೆ. ನಾವು ನಕ್ಕು ಸುಮ್ಮನಾಗುತ್ತೇವೆ. ಹಿರಿಯರ ನೆನಪಿನಲ್ಲಿ ಹಳೆಯ ಕಾಲದ ಮಾವು ಹೆಚ್ಚು ಸಿಹಿ, ಹಳೆಯ ಕಾಲದ ಮಳೆ ಹೆಚ್ಚು ಧಾರಾಳ. ಹಾಗೆಯೇ ಹಳೆಯ ಕಾಲದ ಹಸಿವೂ ದೊಡ್ಡದು ಎಂದುಕೊಳ್ಳುತ್ತೇವೆ.

ಆದರೆ ಈ ಒಂದು ವಿಷಯದಲ್ಲಿ ಸರಕಾರದ ಅಂಕಿ-ಅಂಶಗಳು ಅಜ್ಜನ ಪರವಾಗಿಯೇ ಸಾಕ್ಷಿ ಹೇಳುತ್ತವೆ. ಅಷ್ಟೇ ಅಲ್ಲ, ಅವು ಹೇಳುವ ಸಾಕ್ಷಿ ನಮ್ಮನ್ನು ಗೊಂದಲಕ್ಕೂ ಈಡುಮಾಡುತ್ತದೆ. 1983 ರಿಂದ 2004-05 ರವರೆಗಿನ ಇಪ್ಪತ್ತೊಂದು-ಇಪ್ಪತ್ತೆರಡು ವರ್ಷಗಳಲ್ಲಿ ನಮ್ಮ ದೇಶದ ಹಳ್ಳಿಗರ ವರಮಾನ ಏರಿತು. ಕೈಯಲ್ಲಿ ನಾಲ್ಕು ಕಾಸು ಹೆಚ್ಚಾಗಿ ಓಡಾಡಿತು. ಅದೇ ಅವಧಿಯಲ್ಲಿ ಅವರು ಉಣ್ಣುವ ಆಹಾರದಿಂದ ದೊರೆಯುವ ಶಕ್ತಿ ಮಾತ್ರ ಇಳಿಯಿತು. ಹಣ ಹೆಚ್ಚಾದರೆ ಊಟ ಹೆಚ್ಚಾಗಬೇಕಲ್ಲವೆ? ಕಡಿಮೆಯಾದುದು ಏಕೆ? ಈ ಹೊತ್ತು ನಾವು ಬಿಡಿಸಲು ಕೂತಿರುವ ಒಗಟು ಇದು.

ಮೊದಲು ಈ ಲೆಕ್ಕ ಎಲ್ಲಿಂದ ಬಂತು ಎಂಬುದನ್ನು ನೋಡೋಣ. ಗೃಹಿಣಿಯರು ಲೆಕ್ಕದ ಪುಸ್ತಕ ಇಡುವುದು ಹೊಸ ಪದ್ಧತಿಯೇನಲ್ಲ. ಆ ಪುಸ್ತಕಗಳಿಂದ ಸಮಾಜದ ಗುಟ್ಟನ್ನು ಹೊರಗೆಳೆಯಬಹುದೆಂದು ತೋರಿಸಿಕೊಟ್ಟವರಲ್ಲಿ ಮೊದಲಿಗರು ಜರ್ಮನಿಯ ಸ್ಯಾಕ್ಸನಿ ಪ್ರಾಂತದ ಅಂಕಿ-ಅಂಶ ಕಚೇರಿಯ ಅಧಿಕಾರಿ ಅರ್ನ್ಸ್ಟ್ ಎಂಗೆಲ್. ಬೆಲ್ಜಿಯಮಿನ ಕೂಲಿಕಾರರ ಸಂಸಾರಗಳ ಖರ್ಚಿನ ಪಟ್ಟಿಗಳನ್ನು ಮುಂದಿಟ್ಟುಕೊಂಡು 1857 ರಲ್ಲಿ ಅವರು ಒಂದು ಸರಳವಾದ ನಿಯಮವನ್ನು ಹೇಳಿದರು: ಸಂಸಾರ ಬಡದಾದಷ್ಟೂ ಅದರ ಖರ್ಚಿನಲ್ಲಿ ಆಹಾರದ ಪಾಲು ಹೆಚ್ಚು, ಅನುಕೂಲ ಹೆಚ್ಚಿದಂತೆ ಆ ಪಾಲು ಇಳಿಯುತ್ತ ಹೋಗುತ್ತದೆ. ನೂರೈವತ್ತು ವರ್ಷ ಕಳೆದರೂ ಈ ನಿಯಮ ದೇಶದಿಂದ ದೇಶಕ್ಕೆ ನಿಜವಾಗುತ್ತಲೇ ಬಂದಿದೆ.

ನಮ್ಮಲ್ಲಿ ಈ ಕೆಲಸಕ್ಕೆ ಅಡಿಗಲ್ಲು ಹಾಕಿದವರು ಪ್ರೊಫೆಸರ್ ಪಿ. ಸಿ. ಮಹಲನೋಬಿಸ್. ಅವರ ಪ್ರಯತ್ನದಿಂದ 1950 ರಲ್ಲಿ ರಾಷ್ಟ್ರೀಯ ಮಾದರಿ ಸಮೀಕ್ಷೆ ಆರಂಭವಾಯಿತು. ದೇಶದ ಮನೆಮನೆಯನ್ನೂ ಕೇಳಲಾಗದು. ಆದರೆ ಅನ್ನ ಬೆಂದಿದೆಯೇ ಎಂದು ನೋಡಲು ಅಗುಳೊಂದನ್ನು ಹಿಚುಕಿದರೆ ಸಾಕಲ್ಲವೆ? ಹಾಗೆ ಕ್ರಮಬದ್ಧವಾಗಿ ಆರಿಸಿದ ಹಳ್ಳಿ, ಪಟ್ಟಣಗಳ ಮನೆಗಳಿಗೆ ಸಮೀಕ್ಷಕರು ಹೋಗುತ್ತಾರೆ. ಕಳೆದ ತಿಂಗಳು ಅಕ್ಕಿ ಎಷ್ಟು ತಂದಿರಿ, ರಾಗಿ ಎಷ್ಟು, ಬೇಳೆ ಎಷ್ಟು, ಎಣ್ಣೆ ಎಷ್ಟು, ಎಲೆ-ಅಡಿಕೆ ಎಷ್ಟು, ಬಸ್ಸಿಗೆಷ್ಟು, ಔಷಧಕ್ಕೆಷ್ಟು ಎಂದು ತಾಳ್ಮೆಯಿಂದ ಕೇಳಿ ಬರೆದುಕೊಳ್ಳುತ್ತಾರೆ. ಬಂದ ಧಾನ್ಯ, ಬೇಳೆ, ಎಣ್ಣೆಗಳನ್ನು ಕ್ಯಾಲೊರಿ ಎಂಬ ಶಕ್ತಿಯ ಅಳತೆಗೆ ಪರಿವರ್ತಿಸಿ, ತಲೆಗೆ ದಿನಕ್ಕೆ ಇಷ್ಟು ಎಂದು ಹಂಚಿ ನೋಡುತ್ತಾರೆ.

ಆ ಲೆಕ್ಕದ ಪ್ರಕಾರ 1983 ರಲ್ಲಿ ಹಳ್ಳಿಗನೊಬ್ಬನಿಗೆ ದಿನಕ್ಕೆ ಸರಾಸರಿ ಸುಮಾರು 2240 ಕ್ಯಾಲೊರಿ ದೊರೆಯುತ್ತಿತ್ತು. 2004-05 ರ ಹೊತ್ತಿಗೆ ಅದು ಸುಮಾರು 2047 ಕ್ಕೆ ಇಳಿದಿತ್ತು. ವ್ಯತ್ಯಾಸ 193 ಕ್ಯಾಲೊರಿ. ಇದನ್ನು ಅಡಿಗೆಮನೆಯ ಭಾಷೆಯಲ್ಲಿ ಹೇಳುವುದಾದರೆ ಸುಮಾರು 60 ಗ್ರಾಮು ಹಿಟ್ಟು. ಅಂದರೆ ದಿನಕ್ಕೆ ತಲೆಗೊಂದು ಹಿಡಿ ಹಿಟ್ಟು. ಪಟ್ಟಣಗಳಲ್ಲಿ ಇಳಿತ ಅಷ್ಟಾಗಿ ಕಾಣಲಿಲ್ಲ. ಇಳಿದದ್ದೆಲ್ಲ ಬಹುಪಾಲು ಧಾನ್ಯದಿಂದಲೇ ಇಳಿಯಿತು. ಎಣ್ಣೆ, ಜಿಡ್ಡಿನ ಪ್ರಮಾಣವಾದರೋ ಏರಿತು.

ಒಬ್ಬ ಮನುಷ್ಯನಿಗೆ ಒಂದು ಹಿಡಿ ಹಿಟ್ಟು ಏನು ಮಹಾ ಎನ್ನಬೇಡಿ. ಅದನ್ನು ಕೋಟಿಗಟ್ಟಲೆ ಜನರಿಂದ ಗುಣಿಸಿ ನೋಡಿ. ಇನ್ನೂ ಮುಖ್ಯವಾದ ಮಾತೊಂದಿದೆ. ನಮ್ಮ ದೇಶದಲ್ಲಿ ಬಡವರು ಯಾರೆಂದು ಅಳೆಯುವ ಗೆರೆಯನ್ನೇ ಈ ಕ್ಯಾಲೊರಿಯ ಮೇಲೆ ಎಳೆದಿದ್ದರು. 1979 ರಲ್ಲಿ ಯೋಜನಾ ಆಯೋಗದ ತಜ್ಞರ ತಂಡ ಹಳ್ಳಿಯಲ್ಲಿ 2400, ಪಟ್ಟಣದಲ್ಲಿ 2100 ಕ್ಯಾಲೊರಿ ಬೇಕೆಂದು ಇಟ್ಟುಕೊಂಡು, ಅಷ್ಟು ಆಹಾರ ಉಣ್ಣುವ ಸಂಸಾರಗಳ ಖರ್ಚು ಎಷ್ಟೆಂದು ನೋಡಿ, ಆ ಹಣವನ್ನು ಬಡತನದ ಗೆರೆ ಎಂದು ಕರೆದಿತ್ತು. ಮುಂದೆ ವರ್ಷ ವರ್ಷವೂ ಬೆಲೆ ಏರಿದಂತೆ ಆ ಹಣವನ್ನು ಏರಿಸಿಕೊಂಡು ಬಂದರೇ ಹೊರತು ಕ್ಯಾಲೊರಿಯನ್ನು ಮತ್ತೆ ಅಳೆದು ನೋಡಲಿಲ್ಲ. ಇದರಿಂದ ಏನಾಯಿತು? 2004-05 ರಲ್ಲಿ ಹಣದ ಗೆರೆಯ ಪ್ರಕಾರ ಬಡವರು ನೂರಕ್ಕೆ 27.5. ಅದೇ ವರ್ಷ ಕ್ಯಾಲೊರಿಯ ಗೆರೆಯನ್ನು ನೇರವಾಗಿ ಹಿಡಿದು ನೋಡಿದರೆ ಅದಕ್ಕಿಂತ ಕೆಳಗಿರುವವರು ನೂರಕ್ಕೆ 75 ಕ್ಕೂ ಹೆಚ್ಚು! ಒಂದೇ ದೇಶ, ಒಂದೇ ವರ್ಷ, ಒಂದೇ ಸಮೀಕ್ಷೆ. ಒಂದು ಕನ್ನಡಿಯಲ್ಲಿ ದೇಶ ಮೇಲೇಳುತ್ತಿದೆ, ಇನ್ನೊಂದರಲ್ಲಿ ಹಸಿದು ಕೂತಿದೆ. ಯಾವುದನ್ನು ನಂಬಬೇಕು? ಯಾರಿಗೆ ಪಡಿತರ ಕೊಡಬೇಕು, ಯಾರಿಗೆ ಬಿಡಬೇಕು ಎಂಬ ಪ್ರಶ್ನೆ ಈ ಉತ್ತರವನ್ನೇ ಕಾದು ನಿಂತಿತ್ತು. ಆದುದರಿಂದ ಇದು ಪಂಡಿತರ ಕಾಲಕ್ಷೇಪದ ಒಗಟಲ್ಲ.

ವಿದ್ವಾಂಸರಲ್ಲಿ ಎರಡು ಪಕ್ಷಗಳಾದವು. ಉತ್ಸಾ ಪಟ್ನಾಯಕ್ ಅವರಂಥ ಅರ್ಥಶಾಸ್ತ್ರಜ್ಞರು, ಇದು ಹಸಿವಿನ ಗುರುತೇ ಸರಿ, ಬಡತನ ಇಳಿಯಿತೆಂಬ ಸರಕಾರದ ಮಾತು ಪೊಳ್ಳು ಎಂದು ವಾದಿಸಿದರು. ಇನ್ನೊಂದು ಕಡೆ ಆಂಗಸ್ ಡೀಟನ್ ಮತ್ತು ಜಾನ್ ಡ್ರೇಜ್ ಅವರು 2009 ರಲ್ಲಿ ಈ ಅಂಕಿಗಳನ್ನೆಲ್ಲ ಒಟ್ಟುಗೂಡಿಸಿ, ಒಂದೊಂದು ಕಾರಣವನ್ನೂ ಒರೆಗೆ ಹಚ್ಚಿ ನೋಡಿದರು. ಡೀಟನ್ ಅವರಿಗೆ 2015 ರಲ್ಲಿ ನೊಬೆಲ್ ಪಾರಿತೋಷಕ ಬಂತು. ಡ್ರೇಜ್ ಬೆಲ್ಜಿಯಮಿನಲ್ಲಿ ಹುಟ್ಟಿ ಭಾರತದ ಪ್ರಜೆಯಾದವರು. ಅವರು ಹಿಡಿದ ಹಾದಿಯಲ್ಲೇ ನಾವೂ ನಾಲ್ಕು ಹೆಜ್ಜೆ ನಡೆದು ನೋಡೋಣ.

ಮೊದಲನೆಯ ಶಂಕೆ ಬೆಲೆಯ ಮೇಲೆ. ಧಾನ್ಯ ತುಟ್ಟಿಯಾಗಿ ಜನ ಕೊಳ್ಳಲಾರದೆ ಹೋದರೆ? ನೋಡಿದರೆ ಆ ಅವಧಿಯಲ್ಲಿ ಇತರ ವಸ್ತುಗಳಿಗೆ ಹೋಲಿಸಿದಂತೆ ಧಾನ್ಯದ ಬೆಲೆ ಅಂಥ ದೊಡ್ಡ ಏರಿಕೆಯನ್ನೇನೂ ಕಂಡಿರಲಿಲ್ಲ. ಈ ಬಾಗಿಲು ಮುಚ್ಚಿತು.

ಎರಡನೆಯ ಶಂಕೆ ಹೆಚ್ಚು ಗಟ್ಟಿಯಾದುದು. ಮಕ್ಕಳ ಸ್ಕೂಲು, ಆಸ್ಪತ್ರೆ, ಬಸ್ಸಿನ ಚಾರ್ಜು ಇವೆಲ್ಲ ಬೆಳೆದು ಊಟದ ದುಡ್ಡನ್ನು ಕಿತ್ತುಕೊಂಡಿರಬಾರದೇಕೆ? ತಿಂಗಳ ಕೊನೆಯ ವಾರವನ್ನು ಬಲ್ಲ ಯಾರಿಗೂ ಈ ಮಾತು ಸುಳ್ಳೆನಿಸದು. ಆದರೆ ಹಾಗಿದ್ದರೆ ಎರಡು ಗುರುತುಗಳು ಕಾಣಬೇಕಿತ್ತು. ಊಟಕ್ಕೆ ಮಾಡುವ ಒಟ್ಟು ಖರ್ಚೇ ಕುಗ್ಗಬೇಕಿತ್ತು. ಹಾಗೂ ಹೊಟ್ಟೆಗೆ ಹೊಡೆತ ಹೆಚ್ಚಾಗಿ ಬಡವರಿಗೇ ಬೀಳಬೇಕಿತ್ತು. ಎರಡೂ ಕಾಣಲಿಲ್ಲ. ಹಳ್ಳಿಯ ಅತ್ಯಂತ ಬಡವರ ಪಾಲಿನಲ್ಲಿ ಕ್ಯಾಲೊರಿ ಹೆಚ್ಚು ಕಡಿಮೆ ಇದ್ದಲ್ಲಿಯೇ ಇತ್ತು. ಹೆಚ್ಚು ಇಳಿದದ್ದು ಅನುಕೂಲಸ್ಥರ ತಟ್ಟೆಯಲ್ಲಿ! ಕೊಳ್ಳುವ ಶಕ್ತಿ ಇದ್ದವರೇ ಒಂದು ಮುದ್ದೆಯನ್ನು ಬಿಟ್ಟಿದ್ದರು. ಬಡವರ ಊಟ ಇಳಿಯಲಿಲ್ಲವೆಂದರೆ ಅದು ಸಾಕಷ್ಟಿತ್ತೆಂದು ಅರ್ಥವಲ್ಲ. ಅದು ಮೊದಲೇ ತೀರ ಕಡಿಮೆಯಾಗಿತ್ತು. ಈ ಮಾತನ್ನು ಇಲ್ಲಿಯೇ ಗಂಟು ಕಟ್ಟಿಕೊಳ್ಳಿ, ಮುಂದೆ ಬೇಕಾಗುತ್ತದೆ.

ಮೂರನೆಯದು ರುಚಿ ಮತ್ತು ಅಂತಸ್ತು. ಧಾನ್ಯಗಳಲ್ಲಿಯೂ ಮೇಲು ಕೀಳು ಉಂಟೆಂಬುದು ಕನ್ನಡಿಗರಿಗೆ ಹೊಸ ಸುದ್ದಿಯಲ್ಲ. ಭತ್ತಕ್ಕೂ ರಾಗಿಗೂ ಜಗಳ ಹಚ್ಚಿ, ರಾಮನ ಎದುರು ನ್ಯಾಯ ನಡೆಸಿ, ರಾಗಿಯನ್ನು ಗೆಲ್ಲಿಸಿದ ಕನಕದಾಸರ ‘ರಾಮಧಾನ್ಯ ಚರಿತೆ’ ನಮ್ಮಲ್ಲಿದೆ. ಕಾವ್ಯದಲ್ಲಿ ರಾಗಿ ಗೆದ್ದರೂ ಊಟದ ಪಂಕ್ತಿಯಲ್ಲಿ ಗೆದ್ದದ್ದು ಅಕ್ಕಿ. ನಾಲ್ಕು ಕಾಸು ಬಂದವನು ಮುದ್ದೆ ಕಡಿಮೆಮಾಡಿ ಅನ್ನ, ಅನ್ನದ ಜೊತೆಗೆ ತರಕಾರಿ, ಹಾಲು, ಮೊಟ್ಟೆ, ಕರಿದ ತಿಂಡಿ ಎಂದು ಹೊರಳಿದ. ಇವೆಲ್ಲ ರಾಗಿ, ಜೋಳಗಳಷ್ಟು ಅಗ್ಗದಲ್ಲಿ ಶಕ್ತಿ ಕೊಡುವುದಿಲ್ಲ. ಒಂದು ರೂಪಾಯಿಗೆ ಸಿಗುವ ಕ್ಯಾಲೊರಿ ಇಳಿಯಿತು, ರುಚಿ ಏರಿತು. ಇದು ನಿಜ. ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಹಸಿವು ಹಿಂದಿನಷ್ಟೇ ಇದ್ದಿದ್ದರೆ ರುಚಿಯ ಆಸೆಗೆ ಬಿದ್ದು ಹೊಟ್ಟೆಯನ್ನು ಯಾರಾದರೂ ಖಾಲಿ ಬಿಡುತ್ತಾರೆಯೆ? ಹಾಗಾದರೆ ಹಸಿವೇ ಕಡಿಮೆಯಾಗಿರಬೇಕು.

ಇಲ್ಲಿಗೆ ನಾವು ನಾಲ್ಕನೆಯ ಕಾರಣಕ್ಕೆ ಬಂದೆವು. ಅಜ್ಜ ಮೂರು ಮುದ್ದೆ ಉಂಡದ್ದನ್ನು ಹೇಳುತ್ತಾರೆ. ಉಂಡ ಮೇಲೆ ಏನು ಮಾಡುತ್ತಿದ್ದರೆಂಬುದನ್ನೂ ಕೇಳಬೇಕು. ಕೋಳಿ ಕೂಗುವ ಹೊತ್ತಿಗೆ ಎದ್ದು ನೇಗಿಲು ಹೂಡುತ್ತಿದ್ದರು. ಕಪಿಲೆಯಿಂದಲೋ ಏತದಿಂದಲೋ ನೀರೆತ್ತುತ್ತಿದ್ದರು. ಸಂತೆಗೆ ಹರದಾರಿ ನಡೆಯುತ್ತಿದ್ದರು. ಅಜ್ಜಿಯ ಕೆಲಸವಂತೂ ಇನ್ನೂ ಮೊದಲು ಶುರುವಾಗುತ್ತಿತ್ತು. ನಸುಕಿನಲ್ಲಿ ಬೀಸುವ ಕಲ್ಲಿನ ಮುಂದೆ ಕೂತು ರಾಗಿ ಬೀಸಬೇಕು. ಬೀಸುವ ಪದಗಳು ಹುಟ್ಟಿದ್ದೇ ಆ ದಣಿವನ್ನು ಮರೆಯಲು. ಆಮೇಲೆ ಒನಕೆ ಹಿಡಿದು ಭತ್ತ ಕುಟ್ಟಬೇಕು, ಬಾವಿಯಿಂದ ಕೊಡಗಟ್ಟಲೆ ನೀರು ಹೊರಬೇಕು, ಸೌದೆ ತರಬೇಕು. ಈಗ ಆ ಕಲ್ಲು ಹಿತ್ತಿಲಲ್ಲಿ ಮಲಗಿದೆ. ಊರಿಗೆ ಹಿಟ್ಟಿನ ಗಿರಣಿ ಬಂತು, ಕೈಪಂಪು ಬಂತು, ನಲ್ಲಿ ಬಂತು. ಸೈಕಲ್ಲು, ಬಸ್ಸು, ಟ್ರಾಕ್ಟರು, ನೀರೆತ್ತುವ ವಿದ್ಯುತ್ ಪಂಪು ಬಂದವು.

ಇದರಿಂದ ಎಷ್ಟು ಹಿಟ್ಟು ಉಳಿದೀತು ಎಂದು ಕೇಳುವಿರಾ? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿ 2010 ರಲ್ಲಿ ಹಾಕಿಕೊಟ್ಟ ಲೆಕ್ಕದಂತೆ, ಅರವತ್ತು ಕಿಲೋ ತೂಕದ ಗಂಡಸು ಕೂತು ಕೆಲಸಮಾಡುವವನಾದರೆ ಅವನಿಗೆ ದಿನಕ್ಕೆ 2320 ಕ್ಯಾಲೊರಿ ಸಾಕು. ಮಧ್ಯಮ ಶ್ರಮದವನಿಗೆ 2730 ಬೇಕು. ಮೈಮುರಿದು ದುಡಿಯುವವನಿಗೆ 3490. ಕೂತವನಿಗೂ ದುಡಿಯುವವನಿಗೂ ನಡುವೆ 1170 ಕ್ಯಾಲೊರಿಯ ಅಂತರ. ಎಂದರೆ ಹತ್ತಿರ ಹತ್ತಿರ ಮುನ್ನೂರೈವತ್ತು ಗ್ರಾಮು ರಾಗಿ ಹಿಟ್ಟು! ಅಜ್ಜನ ಎರಡು ಮತ್ತು ಮೂರನೆಯ ಮುದ್ದೆಗಳು ಎಲ್ಲಿ ಹೋದವೆಂಬುದು ಈಗ ಗೊತ್ತಾಯಿತಷ್ಟೆ. ನಾವು ಹುಡುಕುತ್ತಿರುವುದು ಕೇವಲ 193 ಕ್ಯಾಲೊರಿಯ ಲೆಕ್ಕ. ದೇಶದ ದುಡಿಮೆಯಲ್ಲಿ ಸ್ವಲ್ಪ ಭಾರ ಇಳಿದರೂ ಅಷ್ಟು ಹಿಟ್ಟು ಉಳಿಯುತ್ತದೆ.

ಇದಕ್ಕೆ ಇನ್ನೊಂದು ಕಾರಣವೂ ಕೂಡಿಕೊಳ್ಳುತ್ತದೆ. ಕೆಟ್ಟ ನೀರು, ಭೇದಿ, ಜಂತುಹುಳು, ಜ್ವರ ಇವು ಉಂಡ ಊಟವನ್ನು ಮೈಗೆ ಹತ್ತಗೊಡುವುದಿಲ್ಲ. ತೂತು ಕೊಡಕ್ಕೆ ಎಷ್ಟು ನೀರು ಹೊಯ್ದರೇನು? ನೀರು ಶುದ್ಧವಾಗಿ ರೋಗ ಕಡಿಮೆಯಾದರೆ, ಕಡಿಮೆ ಉಂಡರೂ ಹೆಚ್ಚು ದಕ್ಕುತ್ತದೆ. ಇದಕ್ಕೆ ಕೇರಳದ ಉದಾಹರಣೆಯನ್ನು ನೋಡಬಹುದು. ಸಮೀಕ್ಷೆಗಳಲ್ಲಿ ಕೇರಳದವರ ಕ್ಯಾಲೊರಿ ಉತ್ತರದ ಕೆಲವು ರಾಜ್ಯಗಳಿಗಿಂತ ಕಡಿಮೆ. ಆದರೆ ಅಲ್ಲಿನ ಮಕ್ಕಳ ಬೆಳವಣಿಗೆ ಆ ರಾಜ್ಯಗಳಿಗಿಂತ ಎಷ್ಟೋ ಮೇಲು. ತಟ್ಟೆಯ ಭಾರವನ್ನಷ್ಟೇ ತೂಗಿ ಆರೋಗ್ಯವನ್ನು ಅಳೆಯಬಾರದೆಂಬುದಕ್ಕೆ ಇದು ಸಾಕ್ಷಿ.

ಇಂಥ ಒಗಟು ನಮಗೊಬ್ಬರಿಗೇ ಎದುರಾದುದಲ್ಲ. ಇಂಗ್ಲೆಂಡಿನಲ್ಲಿ 1770 ರಿಂದ 1850 ರವರೆಗಿನ ಕಾಲದ ಬಗ್ಗೆಯೂ ಚರಿತ್ರಕಾರರು ಇದೇ ಪ್ರಶ್ನೆ ಕೇಳಿದ್ದಾರೆ: ವರಮಾನ ಏರಿತೆಂಬ ಲೆಕ್ಕವಿದೆ, ಆಹಾರ ಅದಕ್ಕೆ ತಕ್ಕಂತೆ ಏರಿದ ಗುರುತಿಲ್ಲ.

ಹಾಗಾದರೆ ಅಜ್ಜನ ಮಾತು ನಿಜ, ಆದರೆ ಅವರು ಕೊಡುವ ಕಾರಣ ಬೇರೆ. “ಈಗಿನವರಿಗೆ ಕಸುವಿಲ್ಲ” ಎಂದು ಅವರು ಹೇಳುತ್ತಾರೆ. ಈಗಿನವರಿಗೆ ಅಷ್ಟು ಕಸುವನ್ನು ಖರ್ಚುಮಾಡುವ ಅಗತ್ಯ ಬೀಳುತ್ತಿಲ್ಲ ಎಂದು ಅಂಕಿಗಳು ಹೇಳುತ್ತವೆ.

ಇಷ್ಟು ಹೇಳಿ ಮುಗಿಸಿದರೆ ಕಥೆ ಚೊಕ್ಕಟವಾಗಿರುತ್ತಿತ್ತು. ಆದರೆ ಲೆಕ್ಕವನ್ನು ನಂಬುವವನು ಲೆಕ್ಕದ ಕುಂದನ್ನೂ ತಿಳಿದಿರಬೇಕು. ದುಡಿಮೆಯ ಭಾರ ಇಳಿದದ್ದು ನಮ್ಮ ಕಣ್ಣಿಗೆ ಕಾಣುತ್ತದೆಯೇ ವಿನಾ, ಅದನ್ನು ವರ್ಷ ವರ್ಷ ತೂಗಿ ಬರೆದಿಟ್ಟವರಿಲ್ಲ. ಆದುದರಿಂದ ಡೀಟನ್ ಮತ್ತು ಡ್ರೇಜ್ ಅವರೂ ಇದನ್ನು ಬಲವಾದ ಊಹೆ ಎಂದರೇ ಹೊರತು ತೀರ್ಪು ಎನ್ನಲಿಲ್ಲ.

ಸಮೀಕ್ಷೆಯ ಒಳಗೂ ತೊಡಕುಗಳಿವೆ. ಹೋಟೆಲಿನಲ್ಲಿ ತಿಂದ ದೋಸೆಯ ಲೆಕ್ಕ ಮನೆಯಾಕೆಗೆ ಹೇಗೆ ಗೊತ್ತಾಗಬೇಕು? ಜಮೀನಿನ ಯಜಮಾನರ ಮನೆಯಲ್ಲಿ ಆಳುಗಳಿಗೆ ಇಕ್ಕಿದ ಊಟ ಯಜಮಾನರ ತಟ್ಟೆಯ ಲೆಕ್ಕಕ್ಕೇ ಸೇರಿಬಿಡಬಹುದು. ಪ್ರಶ್ನೆ ಕೇಳುವ ಬಗೆ ಬದಲಾದರೆ ಉತ್ತರವೂ ಬದಲಾಗುತ್ತದೆ. ಕಳೆದ ಮೂವತ್ತು ದಿನದ್ದನ್ನು ಕೇಳಿದರೆ ಜನ ಕೆಲವನ್ನು ಮರೆಯುತ್ತಾರೆ, ಏಳು ದಿನದ್ದನ್ನು ಕೇಳಿದರೆ ಹೆಚ್ಚು ನೆನೆಯುತ್ತಾರೆ. 1999-2000 ದ ಸಮೀಕ್ಷೆಯಲ್ಲಿ ಎರಡನ್ನೂ ಒಟ್ಟಿಗೆ ಕೇಳಿ, ಬಡತನ ಎಷ್ಟು ಇಳಿಯಿತೆಂಬ ಬಗ್ಗೆ ವರ್ಷಗಟ್ಟಲೆ ವಾದ ನಡೆಯಿತು. 2022-23 ರ ಸಮೀಕ್ಷೆಯಲ್ಲಿ ಹಳ್ಳಿಯ ಸರಾಸರಿ 2233 ಕ್ಯಾಲೊರಿ, ಪಟ್ಟಣದ್ದು 2250 ಎಂದು ಬಂದಿದೆ. ಇದನ್ನು ನೋಡಿ, ಹೋದ ಹಿಡಿ ಹಿಟ್ಟು ಮರಳಿ ಬಂತೆಂದು ಹೇಳುವಂತಿಲ್ಲ. ಕೇಳುವ ಕ್ರಮವೂ ಪಟ್ಟಿಯೂ ನಡುವೆ ಬದಲಾಗಿವೆ.

ಆದರೆ ಒಂದು ಹೊಳೆಯ ಹರಿವು ಮಾತ್ರ ಎಲ್ಲ ಸಮೀಕ್ಷೆಗಳಲ್ಲಿಯೂ ಒಂದೇ ದಿಕ್ಕಿಗಿದೆ. ಹಳ್ಳಿಯಲ್ಲಿ ತಲೆಗೆ ತಿಂಗಳಿಗೆ 1993-94 ರಲ್ಲಿ ಸುಮಾರು 13.4 ಕಿಲೋ ಧಾನ್ಯ ಖರ್ಚಾಗುತ್ತಿದ್ದುದು 2011-12 ರಲ್ಲಿ ಸುಮಾರು 11.2 ಕ್ಕೂ, 2022-23 ರಲ್ಲಿ 9.6 ಕ್ಕೂ ಇಳಿಯಿತು. 1999-2000 ದಲ್ಲಿ ಹಳ್ಳಿಯ ಸಂಸಾರ ನೂರು ರೂಪಾಯಿಯಲ್ಲಿ 59 ರೂಪಾಯಿಯನ್ನು ಊಟಕ್ಕೆ ಇಡುತ್ತಿತ್ತು. 2022-23 ರಲ್ಲಿ ಇಟ್ಟದ್ದು 46 ರೂಪಾಯಿ. ಎಂಗೆಲ್ ಅವರ ನಿಯಮ ನಮ್ಮ ಹಳ್ಳಿಯ ಹಟ್ಟಿಗೂ ಬಂದು ತಲಪಿತು. ಆ 46 ರಲ್ಲಿ ಧಾನ್ಯಕ್ಕೆ ಹೋದದ್ದು 5 ರೂಪಾಯಿಗಿಂತ ಸ್ವಲ್ಪ ಕಡಿಮೆ. ಪಡಿತರದ ಅಗ್ಗದ ಅಕ್ಕಿ ಇದಕ್ಕೆ ಒಂದು ಕಾರಣ. ಕಾಫಿ-ಚಹ, ಬಿಸ್ಕತ್ತು, ಚೂಡಾ ಮೊದಲಾದ ಸಿದ್ಧ ತಿನಿಸುಗಳಿಗೆ ಹೋದದ್ದು ಒಂಬತ್ತೂವರೆ ರೂಪಾಯಿಗೂ ಹೆಚ್ಚು. ಹಿಟ್ಟಿನ ಡಬ್ಬಿಗಿಂತ ತಿಂಡಿಯ ಪೊಟ್ಟಣ ದುಬಾರಿಯಾಯಿತು. ಕೂತು ಕೆಲಸಮಾಡುವ ಮೈಗೆ ಎಣ್ಣೆ ಸಕ್ಕರೆಯ ತಿನಿಸು ಏನು ಮಾಡುತ್ತದೆಂಬುದನ್ನು ನಿಮ್ಮ ಮನೆಯ ವೈದ್ಯರು ಹೇಳುತ್ತಾರೆ.

ಈಗ ಆಗಲೇ ಕಟ್ಟಿಟ್ಟ ಗಂಟನ್ನು ಬಿಚ್ಚೋಣ. ಅನುಕೂಲಸ್ಥರು ಹಸಿವಿಲ್ಲದೆ ಬಿಟ್ಟ ಮುದ್ದೆಯೂ, ಬಡವರಿಗೆ ಎಂದೂ ದೊರೆಯದ ಮುದ್ದೆಯೂ ಸರಾಸರಿಯಲ್ಲಿ ಒಂದೇ ಆಗಿ ಕಾಣುತ್ತವೆ. ಕ್ಯಾಲೊರಿ ಇಳಿದದ್ದು ಹಸಿವಿನ ಗುರುತಲ್ಲವೆಂದು ಒಪ್ಪಿದರೂ, ದೇಶದಲ್ಲಿ ಅಪೌಷ್ಟಿಕತೆ ಇಲ್ಲವೆಂದು ಒಪ್ಪಿದಂತಾಗುವುದಿಲ್ಲ. 2019-21 ರ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 35 ಕ್ಕೂ ಹೆಚ್ಚು ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿರಲಿಲ್ಲ. ಹದಿನೈದರಿಂದ ನಲವತ್ತೊಂಬತ್ತು ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಇತ್ತು. ಅವರಿಗೆ ಬೇಕಾದದ್ದು ಇನ್ನೊಂದು ಹಿಡಿ ಹಿಟ್ಟು ಮಾತ್ರವಲ್ಲ. ಬೇಳೆ, ಸೊಪ್ಪು, ಹಾಲು, ಮೊಟ್ಟೆ, ಶುದ್ಧವಾದ ನೀರು.

ಇನ್ನೊಂದು ಮಾತು ಹೇಳಿ ಮುಗಿಸುತ್ತೇನೆ. ಖರ್ಚಿನ ಸಮೀಕ್ಷಕರು ಹೊಸ್ತಿಲವರೆಗೆ ಬರುತ್ತಾರೆ. ಮನೆಗೆ ಎಷ್ಟು ಬಂತೆಂದು ಬರೆದುಕೊಳ್ಳುತ್ತಾರೆ, ತಲೆಯ ಎಣಿಕೆಯಿಂದ ಭಾಗಿಸುತ್ತಾರೆ. ಒಳಗೆ ಯಾರು ಮೊದಲು ಉಂಡರು, ಯಾರು ಕೊನೆಗೆ ಉಂಡರು, ಹಾಲು ಯಾರ ಲೋಟಕ್ಕೆ ಹೋಯಿತು, ತಳದ ಸಾರಿನಲ್ಲಿ ಬೇಳೆ ಉಳಿದಿತ್ತೇ ಎಂಬುದು ಆ ಪುಸ್ತಕದಲ್ಲಿ ಬರುವುದಿಲ್ಲ. ಆ ಲೆಕ್ಕ ಗೊತ್ತಿರುವುದು ನಿಮಗೆ ಮಾತ್ರ.

ಆದುದರಿಂದ ಬರುವ ತಿಂಗಳು ಒಂದು ಕೆಲಸ ಮಾಡಿ ನೋಡಿ. ದಿನಸಿಯ ಚೀಟಿಗಳನ್ನು ಎಸೆಯದೆ ಒಂದು ಕಡೆ ಕೂಡಿಡಿ. ಧಾನ್ಯ, ಬೇಳೆ, ತರಕಾರಿ, ಹಾಲು-ಮೊಟ್ಟೆ, ಎಣ್ಣೆ, ಅಂಗಡಿಯ ತಿನಿಸು ಎಂದು ಆರು ಕಲಮುಗಳನ್ನು ಹಾಕಿ ಬರೆಯಿರಿ. ಏಳನೆಯ ಕಲಮಿನಲ್ಲಿ ಕೊನೆಯ ಪಂಕ್ತಿಗೆ ಏನು ಉಳಿದಿತ್ತೆಂದು ದಿನಕ್ಕೊಂದು ಮಾತು ಬರೆದಿಡಿ. ತಿಂಗಳ ಕೊನೆಗೆ ಮನೆಯವರೆಲ್ಲ ಕೂತು ಅದನ್ನು ಓದಿ. ದೇಶದ ಒಗಟನ್ನು ಪಂಡಿತರು ಬಿಡಿಸಲಿ. ನಿಮ್ಮ ಮನೆಯ ಒಗಟನ್ನು ಬಿಡಿಸಲು ಆ ಏಳು ಕಲಮುಗಳು ಸಾಕು.